ಚೌಕಕ್ಕೆ ಕುಂಕುಮ ಇಟ್ಟು ನಾನು ಕೋನಪ್ಪನಾದ ಬಗ್ಗೆ

ದಿನಾಂಕ: ಯುಗಾದಿ ಕಳೆದು ಮಾವಿನಕಾಯಿ ಬಲಿಯುವ ಕಾಲ, ಬುಧವಾರ, 2009

ಇಂದ:
ಅಮ್ಮಾಜಮ್ಮ ಕೋಂ ಲೇಟ್ ವೆಂಕಟರವಣಪ್ಪ,
(ತಮ್ಮ ಲೆಕ್ಕದಲ್ಲಿ ಸದ್ಯಕ್ಕೆ ಕೋನಪ್ಪ)
ವಯಸ್ಸು: ಪಿಂಚಣಿ ಕಾಗದದಲ್ಲಿ ಅರವತ್ತೆಂಟು, ಮಂಡಿ ನೋವಿನ ಪ್ರಕಾರ ನೂರ ಎಪ್ಪತ್ತು,
ದಿಬ್ಬೂರಹಳ್ಳಿ, ಶಿಡ್ಲಘಟ್ಟ ತಾಲ್ಲೂಕು,
ಚಿಕ್ಕಬಳ್ಳಾಪುರ ಜಿಲ್ಲೆ.

ಗೆ:
ಮಾನ್ಯ ಮೊಬೈಲ್ ಫೋನ್ ಸಾಹೇಬರು,
ರವಿಚಂದ್ರನ ಅಂಗಿಯ ಎಡಗಡೆ ಜೇಬು,
ಚಾಕಿ ಕೇಂದ್ರ, ಚಿಂತಾಮಣಿ ರಸ್ತೆ.

ವಿಷಯ: ಬರುವ ಶುಕ್ರವಾರ ರೇಷ್ಮೆ ಹುಳು ಹಂಚುವುದರೊಳಗೆ ನನ್ನನ್ನು ಕೋನಪ್ಪ ಎಂಬ ಹೆಸರಿನಿಂದ ಬಿಡುಗಡೆ ಮಾಡಿ, ಮತ್ತೆ ಅಮ್ಮಾಜಮ್ಮ ಎಂದು ಗುರುತು ಹಿಡಿಯುವಂತೆ ಕೋರಿ.

ಉಲ್ಲೇಖ:
1) ನನ್ನ ಫೋನಿನಿಂದ ತಮಗೆ ಕೊಟ್ಟ ಮಿಸ್ಡ್ ಕಾಲ್‌ಗಳು. ತಾವು ಒಂದನ್ನೂ ಎತ್ತಲಿಲ್ಲ. ಎತ್ತಿದ್ದರೆ ನನ್ನ ಕರೆನ್ಸಿ ಹೋಗುತ್ತಿತ್ತು, ಆದ್ದರಿಂದ ವಂದನೆಗಳು.
2) ತಾವು ನನ್ನ ಅಂಗಳದಲ್ಲಿ ಅಂದ "ಕುಂಯ್".
3) ಪಕ್ಕದ ಮನೆ ಗಂಗುಲಮ್ಮನ ಬೈಗುಳ. (ಬಾಯಿಮಾತಿನದು, ನಕಲು ಪ್ರತಿ ಇಲ್ಲ. ಬೇಕೆಂದರೆ ಮತ್ತೊಮ್ಮೆ ಬೈಯಲು ಆಕೆ ಸಿದ್ಧಳಿದ್ದಾಳೆ.)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಓದಿದ್ದು ಮೂರನೇ ಕ್ಲಾಸು. ಅದರಲ್ಲೂ ಎರಡನೇ ಕ್ಲಾಸನ್ನು ಮೇಷ್ಟ್ರು ದಯೆಯಿಂದ ದಾಟಿಸಿದ್ದು. ಆದರೂ ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿಲ್ಲ. ವಿಧವಾ ವೇತನಕ್ಕೆಂದು ನಾನು ಕೊಟ್ಟ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟರೆ ನಂದಿ ಬೆಟ್ಟಕ್ಕೆ ಒಬ್ಬ ತಮ್ಮ ಸಿಗುತ್ತಿದ್ದ. ಕಾರಣ, ಈ ಅರ್ಜಿಯಲ್ಲಿ ತಪ್ಪಿದ್ದರೆ ಅದು ತಾಲ್ಲೂಕು ಆಫೀಸಿನವರು ನನಗೆ ಕಲಿಸಿದ ತಪ್ಪು ಎಂದು ಭಾವಿಸತಕ್ಕದ್ದು.

ಇದನ್ನು ರವಿಚಂದ್ರನಿಗೆ ಕೊಡದೆ ನೇರವಾಗಿ ತಮಗೇ ಬರೆಯಲು ಕಾರಣವಿದೆ. ರವಿಚಂದ್ರ ಚಾಕಿ ಕೇಂದ್ರದಲ್ಲಿ ಕೆಲಸ ಮಾಡುವ ಹುಡುಗ, ಒಳ್ಳೆಯವನು, ಕೂದಲಿಗೆ ಮಾತ್ರ ಎಣ್ಣೆ ಹಚ್ಚುವುದಿಲ್ಲ. ಏನು ಕೇಳಿದರೂ ಅವನದು ಒಂದೇ ಮಾತು: "ನನ್ ಕೈಲಿ ಏನಿಲ್ಲ ಅಜ್ಜೀ, ಫೋನ್ ಹೇಳ್ಬೇಕು." ಆದ್ದರಿಂದ ಕೈಲಿ ಏನೂ ಇಲ್ಲದವನನ್ನು ಬಿಟ್ಟು, ಅವನ ಕೈಲಿರುವ ತಮ್ಮ ಹತ್ತಿರವೇ ಬಂದಿದ್ದೇನೆ.

ಪ್ರಕರಣದ ವಿವರ ಈ ಕೆಳಕಂಡಂತಿದೆ.

1. ನನಗೆ ಅರ್ಧ ಎಕರೆ ಹಿಪ್ಪುನೇರಳೆ ತೋಟ, ಅದರ ಪಕ್ಕ ಒಂದು ಹುಳುಮನೆ ಇದೆ. ಚಾಕಿ ಎಂದರೆ ಮೊಟ್ಟೆಯಿಂದ ಎದ್ದು ಎರಡು ಜ್ವರ, ಅಂದರೆ ಪೊರೆ ಬಿಡುವ ಎರಡು ನಿದ್ದೆ, ಮುಗಿಸಿದ ಎಳೇ ರೇಷ್ಮೆ ಹುಳು. ತಮಗೆ ಜ್ವರವೂ ಇಲ್ಲ, ಹೊಟ್ಟೆಯೂ ಇಲ್ಲವಾದ ಕಾರಣ ಬಿಡಿಸಿ ಹೇಳುತ್ತಿದ್ದೇನೆ. ಆ ಎಳೇ ಹುಳುವನ್ನು ಕೇಂದ್ರದವರು ತಟ್ಟೆಯಲ್ಲಿ ತಂದು ಕೊಡುತ್ತಾರೆ. ನಾವು ಸೊಪ್ಪು ಹಾಕಿ ಬೆಳೆಸಿ, ಹಣ್ಣಾದ ಮೇಲೆ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಟ್ಟು ಗೂಡು ಕಟ್ಟಿಸುತ್ತೇವೆ. ನನ್ನ ಹುಳುಗಳು ಸೊಪ್ಪು ತಿನ್ನುವ ಸದ್ದಿಗೆ ಶಿಡ್ಲಘಟ್ಟದ ಜನ ಮಳೆ ಬಂತೆಂದು ಒಣಹಾಕಿದ ಬಟ್ಟೆ ಎತ್ತಿಕೊಂಡು ಓಡುತ್ತಾರೆ.

2. ಹೋದ ಸಂಕ್ರಾಂತಿ ಕಳೆದ ಮೇಲೆ ಸದರಿ ರವಿಚಂದ್ರ ಬಂದು ನನ್ನ ಹುಳುಮನೆ ಬಾಗಿಲಿಗೆ ಅಂಗೈಯಗಲದ ಒಂದು ಕಪ್ಪು ಬಿಳುಪು ಚೌಕ ಅಂಟಿಸಿದ. ಯಾವ ಮನೆಗೆ ಯಾವ ಹುಳು ಹೋಯಿತೆಂದು ತಿಳಿಯಲು ಕೇಂದ್ರದವರು ಮಾಡಿದ ಹೊಸ ಏರ್ಪಾಡಂತೆ.

"ಏನಪ್ಪಾ ಇದು, ಇಲಿ ಕಡಿದ ಚೌಕಾಬಾರ ಮಣೆ ಹಂಗೈತೆ?" ಎಂದೆ.

"ಇದನ್ನ ಫೋನ್ ನೋಡಿದ್ರೆ ನಿಮ್ ಹೆಸರು ಹೇಳುತ್ತೆ ಅಜ್ಜೀ. ಹೇಳಿದ್ರೇನೇ ಇನ್ಮೇಲೆ ಚಾಕಿ ಕೊಡೋದು."

"ನನ್ ಹೆಸರು ನಾನೇ ಹೇಳ್ತೀನಲ್ಲೋ. ಬಾಯಿ ಐತೆ, ಹಲ್ಲು ತಾನೆ ಇಲ್ಲದಿರೋದು."

"ನೀವು ಹೇಳಂಗಿಲ್ಲ, ಫೋನ್ ಹೇಳ್ಬೇಕು."

ಹೀಗೆಂದು ಅವನು ತಮ್ಮನ್ನು ಜೇಬಿನಿಂದ ತೆಗೆದು ಚೌಕದ ಮುಂದೆ ಹಿಡಿದ. ತಾವು "ಕುಂಯ್" ಎಂದಿರಿ. ಪರದೆಯ ಮೇಲೆ ಇಂಗ್ಲೀಷಿನಲ್ಲಿ ಏನೋ ಬಂತು. ರವಿಚಂದ್ರ ಓದಿದ: "ಅಮ್ಮಾಜಮ್ಮ."

"ಅಷ್ಟೇನಾ?" ಎಂದೆ.

"ಅಷ್ಟೇ."

"ಕೋಂ ಲೇಟ್ ವೆಂಕಟರವಣಪ್ಪ ಇಲ್ವಾ?"

"ಇಷ್ಟು ಚಿಕ್ಕ ಚೌಕದಲ್ಲಿ ಜಾಗ ಸಾಲಲ್ಲ ಅಜ್ಜೀ."

ಮಾನ್ಯರೇ, ಇಲ್ಲಿ ಒಂದು ವಿಷಯ ದಾಖಲಿಸಬೇಕಾಗಿದೆ. ನಾನು ಹುಟ್ಟಿದಾಗ ಇಂಥವರ ಮಗಳು. ಹದಿನೈದಕ್ಕೆ ಇಂಥವರ ಹೆಂಡತಿ. ಯಜಮಾನರು ಹೋದ ಮೇಲೆ ಹೋದವರ ಹೆಂಡತಿ. ಪಡಿತರ ಚೀಟಿಯಲ್ಲಿ, ಪಿಂಚಣಿಯಲ್ಲಿ, ಪಹಣಿಯಲ್ಲಿ ನನ್ನ ಹೆಸರು ಯಾವತ್ತೂ ಒಂಟಿಯಾಗಿ ಹೊರಗೆ ಹೋದದ್ದಿಲ್ಲ, ಜೊತೆಗೆ ಒಬ್ಬ ಗಂಡಸು ಇದ್ದೇ ಇರುತ್ತಿದ್ದ, ಸತ್ತವನಾದರೂ ಸರಿ. ಹಿಂದೆ ಮುಂದೆ ಯಾರೂ ಇಲ್ಲದೆ ಬರೀ "ಅಮ್ಮಾಜಮ್ಮ" ಎಂದು ಅಂದದ್ದು ತಾವೇ ಮೊದಲು. ನಾನು ಅದನ್ನು ಮತ್ತೆ ಮತ್ತೆ ಅನ್ನಿಸಿದೆ. ಕೊನೆಗೆ ರವಿಚಂದ್ರನಿಗೆ, "ಅಪ್ಪಾ, ನನ್ದೂ ನನ್ ಹೆಸರಿಂದೂ ಒಟ್ಟಿಗೆ ಒಂದು ಫೋಟೋ ಹೊಡಿ" ಎಂದೆ. ಚೌಕದ ಪಕ್ಕ ಸೆರಗು ಸರಿಮಾಡಿಕೊಂಡು ನಿಂತೆ. ತಾವು ಫೋಟೋ ಹೊಡೆದಿರಿ. ಈ ಫೋಟೋದ ವಿಷಯ ಮುಂದೆ ಬರಲಿದೆ, ದಯವಿಟ್ಟು ನೆನಪಿಟ್ಟುಕೊಳ್ಳುವುದು.

3. ಈಗ ಅಪರಾಧಕ್ಕೆ ಬರುತ್ತೇನೆ. ಹುಳುಮನೆ ಬಾಗಿಲಿಗೆ ಶುಕ್ರವಾರ ಅರಿಶಿನ ಕುಂಕುಮ ಇಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಬಾಗಿಲಿಗೆ ಹೊಸದಾಗಿ ಬಂದವರಿಗೆ ಇಡದೆ ಬಿಡಲಾಗುತ್ತದೆಯೇ? ಅದೂ ನನ್ನ ಹೆಸರು ಹೇಳಿದವರಿಗೆ? ನನ್ನ ಹಣೆ ಖಾಲಿಯಾಗಿ ಬಹಳ ವರ್ಷವಾಯಿತು, ಆದರೆ ಡಬ್ಬಿಯಲ್ಲಿನ ಕುಂಕುಮ ಖಾಲಿಯಾಗಲಿಲ್ಲ. ಅದನ್ನು ಎಲ್ಲಿಗಾದರೂ ಹಚ್ಚಬೇಕಲ್ಲ. ಎಮ್ಮೆಗೆ ಇಟ್ಟೆ, ಒಲೆಗೆ ಇಟ್ಟೆ, ಕರೆಂಟ್ ಮೀಟರಿಗೆ ಇಟ್ಟೆ. ಮೀಟರ್ ಓದುವವನು ಬಂದು ಕೈ ಮುಗಿದು ಹೋದ. ಅದೇ ಪ್ರಕಾರ ಚೌಕಕ್ಕೂ ಶುಕ್ರವಾರ ಶುಕ್ರವಾರ ಸಾಸಿವೆ ಕಾಳಿನಷ್ಟು ಇಟ್ಟೆ. ನನ್ನ ಸಾಸಿವೆ ಕಾಳು ನಿಂಬೆಹಣ್ಣಿನಷ್ಟು ಇರುತ್ತದೆ ಎಂದು ಗಂಗುಲಮ್ಮ ಆರೋಪಿಸುತ್ತಾಳೆ. ಅದನ್ನು ನಂಬಕೂಡದು.

4. ಯುಗಾದಿ ಮುಗಿದ ಮೇಲೆ ರವಿಚಂದ್ರ ಟೆಂಪೋದಲ್ಲಿ ಚಾಕಿ ತಟ್ಟೆ ಹೇರಿಕೊಂಡು ಬಂದ. ತಮ್ಮನ್ನು ಚೌಕದ ಮುಂದೆ ಹಿಡಿದ. ತಾವು ಉಸಿರೆತ್ತಲಿಲ್ಲ. ಹತ್ತಿರ ಹಿಡಿದ, ದೂರ ಹಿಡಿದ, ತಲೆಕೆಳಗೆ ಹಿಡಿದ. ಇಲ್ಲ.

"ಅಜ್ಜೀ, ಏನ್ ಮಾಡಿದ್ರಿ ಇದಕ್ಕೆ?"

"ಪೂಜೆ."

"ಕಪ್ಪು ಯಾವುದು ಬಿಳಿ ಯಾವುದು ಒಂದೂ ಕಾಣ್ತಿಲ್ವಲ್ಲ! ಫೋನ್ ನಿಮ್ ಹೆಸರು ಹೇಳ್ತಿಲ್ಲ."

"ನೀನು ಹೇಳಪ್ಪ. ನಾನ್ಯಾರು?"

"ನೀವು ಅಮ್ಮಾಜಮ್ಮಾನೇ. ನನಗೆ ಗೊತ್ತು. ಫೋನಿಗೆ ಗೊತ್ತಿಲ್ಲ."

"ಹಂಗಾದ್ರೆ ನಿನ್ ಮುಖದ ಮೇಲಿರೋ ಎರಡು ಕಣ್ಣು ಏನು, ಒಡವೇನಾ?"

ಅವನು ನಕ್ಕನೇ ಹೊರತು ತಟ್ಟೆ ಇಳಿಸಲಿಲ್ಲ. ಹೊಸ ಚೌಕ ಕೊಡು ಎಂದೆ. ಹೊಸದು ತರಿಸಬೇಕಾದರೆ ಮೊದಲು ಹಳೇ ಚೌಕವನ್ನು ಫೋನಿಗೆ ತೋರಿಸಿ, ಇದು ಕೆಟ್ಟಿದೆ ಎಂದು ಒತ್ತಬೇಕಂತೆ. ಹಳೆಯದು ಕಾಣದಿರುವುದೇ ಅದರ ಕಾಯಿಲೆ ಅಲ್ಲವೇನಪ್ಪಾ ಎಂದದ್ದಕ್ಕೆ, "ಫೋನು ಹಂಗೇ ಕೇಳ್ತದೆ ಅಜ್ಜೀ" ಎಂದ. ಇಷ್ಟು ಮಾತ್ರವಲ್ಲ. ಸಾಲಾಗಿ ಎರಡು ಸಲ ಚಾಕಿ ತೆಗೆದುಕೊಳ್ಳದ ಹೆಸರು ತಮ್ಮೊಳಗಿಂದ ತಾನಾಗಿಯೇ ಅಳಿಸಿಹೋಗುತ್ತದಂತೆ. ಒಂದು ಗಂಟೆಯಲ್ಲಿ ವಾಪಸು ಬರುತ್ತೇನೆ, ಪಕ್ಕದ ಮನೆಗೂ ಆಗಲೇ ಕೊಡುತ್ತೇನೆ, ಅಷ್ಟರಲ್ಲಿ ಚೌಕ ಒರೆಸಿ ನೋಡಿ ಎಂದು ಹೇಳಿ ಮುಂದಿನ ಬೀದಿಗೆ ಹೋದ.

ನಾನು ಸೀಗೆಪುಡಿ ಹಾಕಿ ತಿಕ್ಕಿದೆ. ಕುಂಕುಮ ಬಿಟ್ಟಿತು. ಜೊತೆಗೆ ಕಪ್ಪೂ ಬಿಟ್ಟಿತು. ಉಳಿದದ್ದು ಬಿಳಿ ಕಾಗದ, ತಲೆ ಸ್ನಾನ ಮಾಡಿದ ಹಾಗೆ ಘಮಘಮ ಎನ್ನುತ್ತಿತ್ತು.

5. ತೋಟದಲ್ಲಿ ಸೊಪ್ಪು ತುಂಬಿ ನಿಂತಿತ್ತು. ಹುಳು ಬಾರದಿದ್ದರೆ ಬಲಿತು ಹೋಗುತ್ತದೆ, ಆಮೇಲೆ ಎಮ್ಮೆಯೂ ಮೂಸುವುದಿಲ್ಲ. ಆಗ ನನಗೆ ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನ ತೂಕದ ಮೆಷೀನು ನೆನಪಾಯಿತು. ಎಲ್ಲರೂ ಅದಕ್ಕೆ ಒಂದೇ ಥರದ ಕಾಸು ಹಾಕುತ್ತಾರೆ, ಚೀಟಿಯಲ್ಲಿ ಮಾತ್ರ ಅವರವರ ತೂಕ ಬರುತ್ತದೆ. ಹಾಗೆಯೇ ಚೌಕ ಎಲ್ಲರದೂ ಒಂದೇ ಇರಬೇಕು, ನನ್ನ ಮನೆ ಮುಂದೆ ತೋರಿಸಿದರೆ ನನ್ನ ಹೆಸರು ಬರಬೇಕು ಎಂದು ನಾನು ತೀರ್ಮಾನಿಸಿದೆ. ಈ ತೀರ್ಮಾನಕ್ಕೆ ಬರಲು ಮೂರನೇ ಕ್ಲಾಸು ಸಾಕಾಯಿತು. ನಾಲ್ಕನೆಯದು ಓದಿದ್ದರೆ ಏನಾಗುತ್ತಿತ್ತೋ ತಿಳಿಯದು.

ಪಕ್ಕದ ಕೋನಪ್ಪನ ಹುಳುಮನೆ ಬಾಗಿಲಲ್ಲಿ ಚೌಕ ಫಳಫಳ ಹೊಳೆಯುತ್ತಿತ್ತು. ಕಾರಣ, ಅವನ ಹೆಂಡತಿ ಗಂಗುಲಮ್ಮ ಹೊಸ್ತಿಲಿಗೆ ನೀರು ಕುಂಕುಮ ತೋರಿಸುವುದೇ ಹಬ್ಬಕ್ಕೊಂದು ಸಲ. ನಾನು ಅದರ ಮುಂದೆ ನಿಂತು ದಿಟ್ಟಿಸಿದೆ.

"ಏಮಕ್ಕಾ, ನಮ್ ಬಾಗಿಲು ಹಂಗ್ ನೋಡ್ತಿದೀಯ? ಮಾರಕ್ಕಿಲ್ಲ" ಎಂದಳು ಗಂಗುಲಮ್ಮ.

"ರಂಗೋಲಿ ಕಲೀತಿದೀನಿ ಕಣೇ."

ಸುಳ್ಳಲ್ಲ. ಇಪ್ಪತ್ತೊಂದು ಚುಕ್ಕಿ, ಇಪ್ಪತ್ತೊಂದು ಸಾಲು. ಮಾನ್ಯರು ಇದನ್ನು ಏನೆಂದು ಕರೆಯುತ್ತಾರೋ ಗೊತ್ತಿಲ್ಲ, ನಮ್ಮಲ್ಲಿ ಮದುವೆ ಮನೆಯ ಅಂಗಳಕ್ಕೂ ಇಷ್ಟೇ ಹಾಕುವುದು. ನಾನು ಹುಡುಗಿಯಾಗಿದ್ದಾಗ ಚಿಂತಾಮಣಿಯಲ್ಲಿ ಬಸ್ಸಿನ ಕಿಟಕಿಯಿಂದ ಕಂಡ ರಂಗೋಲಿಯನ್ನು ಸಂಜೆಗೆ ನಮ್ಮ ಅಂಗಳದಲ್ಲಿ ಬಿಡಿಸುತ್ತಿದ್ದವಳು. ನಾನು ಬಿಡಿಸಿದ ನವಿಲು ರಾತ್ರಿ ಎದ್ದು ಹಾರಿಹೋಗುತ್ತಿತ್ತು, ಬೆಳಿಗ್ಗೆ ಮತ್ತೆ ಬಿಡಿಸಬೇಕಾಗಿತ್ತು. ಯಜಮಾನರು ಹೋದ ಮೇಲೆ, ಇವಳೇನು ಇನ್ನೂ ಅಂಗಳ ಅಲಂಕಾರ ಮಾಡುತ್ತಾಳೆ ಎಂದು ಯಾರೋ ಅಂದರು. ಯಾರೆಂದು ಗೊತ್ತು, ಇಲ್ಲಿ ಬರೆಯುವುದಿಲ್ಲ. ಬಿಟ್ಟುಬಿಟ್ಟೆ. ಈಗ ಫೋನಿಗೇ ರಂಗೋಲಿ ಬೇಕಾಗಿದೆ ಎಂದ ಮೇಲೆ ಯಾರೂ ತಕರಾರು ಎತ್ತುವಂತಿರಲಿಲ್ಲ.

ಸಗಣಿ ಸಾರಿಸಿದ ಅಂಗಳದಲ್ಲಿ ಬಿಳಿ ಇರಬೇಕಾದ ಕಡೆ ರಂಗೋಲಿ ಪುಡಿ ತುಂಬಿದೆ. ಕಪ್ಪು ಇರಬೇಕಾದ ಕಡೆ ಸಗಣಿಯನ್ನೇ ಬಿಟ್ಟೆ. ಸುತ್ತ ಬಿಳಿ ಅಂಚು ಎಳೆದೆ. ಮೂರು ಮೂಲೆಯಲ್ಲಿ ಮೂರು ಪೆಟ್ಟಿಗೆ ಬಂದವು. ನಾಲ್ಕನೇ ಮೂಲೆಯಲ್ಲಿ ಪೆಟ್ಟಿಗೆ ಇಲ್ಲ, ಚೂರುಪಾರು ಚುಕ್ಕಿ ಅಷ್ಟೇ. ಹಾಗೆ ಒಂದು ಮೂಲೆ ಬೋಳಾಗಿ ಬಿಡುವುದು ಮನೆಗೆ ಒಳ್ಳೆಯದಲ್ಲವೆಂದು, ನಾನೇ ಅಲ್ಲೂ ಒಂದು ಪೆಟ್ಟಿಗೆ ಸೇರಿಸಿದೆ.

6. ರವಿಚಂದ್ರ ವಾಪಸು ಬಂದು ಅಂಗಳ ನೋಡಿ ಟೆಂಪೋದಿಂದ ಇಳಿಯುವುದನ್ನೇ ಮರೆತ.

"ಹಿಡಿಯಪ್ಪ ಫೋನು" ಎಂದೆ.

ನಗುತ್ತಲೇ ಹಿಡಿದ. ತಾವು ಸುಮ್ಮನಿದ್ದಿರಿ.

"ಇಲ್ಲೊಂದು ಪೆಟ್ಟಿಗೆ ಜಾಸ್ತಿ ಐತೆ ಅಜ್ಜೀ."

"ನಾಲ್ಕು ಮೂಲೆ ಇರೋ ಅಂಗಳಕ್ಕೆ ಮೂರು ಮೂಲೆಗೆ ದೀಪ ಇಡ್ತಾರೇನೋ?"

"ಫೋನಿಗೆ ಮೂರೇ ಬೇಕು."

ಮತ್ತೆ ಕೋನಪ್ಪನ ಬಾಗಿಲಿಗೆ ಹೋಗಿ ನೋಡಿ ಬಂದು, ಆ ಪೆಟ್ಟಿಗೆ ಅಳಿಸಿ, ಚೂರುಪಾರು ಇದ್ದ ಹಾಗೇ ಇಟ್ಟೆ. ಅವನು ಟೆಂಪೋ ಹತ್ತಿ ನಿಂತು ಮೇಲಿನಿಂದ ತಮ್ಮನ್ನು ಹಿಡಿದ.

"ಕುಂಯ್."

ಆ ಕುಂಯ್ ಕೇಳಿ ನನ್ನ ಮಂಡಿ ನೋವು ಆಂಧ್ರದ ಗಡಿ ದಾಟಿತು. ರವಿಚಂದ್ರ ಮಾತ್ರ ಪರದೆ ನೋಡಿ ಬಾಯಿ ತೆರೆದವನು ಮುಚ್ಚಲಿಲ್ಲ.

"ಏನ್ ಹೇಳ್ತೋ?"

"ಕೋನಪ್ಪ ಅಂತಿದೆ ಅಜ್ಜೀ."

ಮಾನ್ಯರೇ, ಚೌಕ ಒಬ್ಬೊಬ್ಬರದು ಒಂದೊಂದು ಥರ ಎಂಬುದು ನನಗೆ ತಿಳಿದದ್ದು ಆಗಲೇ. ಒಂದು ಕ್ಷಣ ನನಗೂ ಮುಖ ಸಪ್ಪಗಾಯಿತು. ಆದರೆ ಬಂದ ಅವಕಾಶ ಬಿಡುವ ಜಾತಕ ನನ್ನದಲ್ಲ.

"ಸರಿ, ಇಳಿಸು ತಟ್ಟೆ" ಎಂದೆ.

"ಅಯ್ಯೋ, ನೀವು ಕೋನಪ್ಪ ಅಲ್ವಲ್ಲಜ್ಜೀ!"

"ಅದು ನಿನ್ ಕಣ್ಣಿನ ಮಾತು. ನಿನ್ ಕೈಲಿ ಏನಿಲ್ಲ ಅಂದೆ, ಫೋನ್ ಹೇಳ್ಬೇಕು ಅಂದೆ. ಫೋನ್ ಹೇಳಾಯ್ತು. ನಾನೇ ಕೋನಪ್ಪ. ಬಿಸಿಲೇರ್ತಾ ಐತೆ, ಹುಳು ಬಾಡ್ತವೆ. ಇಳಿಸಪ್ಪ."

ಹುಳು ಬಾಡುತ್ತವೆ ಎಂಬುದು ನಿಜವಾಗಿತ್ತು. ಪಾಪದ ಹುಡುಗ ಬೆವರು ಒರೆಸಿಕೊಂಡು ಇಳಿಸಿದ.

7. ಅಲ್ಲಿಂದ ಕೋನಪ್ಪನ ಬಾಗಿಲಿಗೆ ಹೋದರೆ, ಈ ಹೆಸರಿಗೆ ಕೊಟ್ಟಾಗಿದೆ ಎಂದು ತಾವು ತೋರಿಸಿದಿರಿ. ಗಂಗುಲಮ್ಮ ಕೂಗಿದ ಕೂಗಿಗೆ ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮೇಟೊ ಒಡೆದವು ಎಂದು ವರದಿಯಾಗಿದೆ.

"ನನ್ ಗಂಡನ ಹೆಸರು ಕದ್ದಿದೀಯಲ್ಲೇ ಅಕ್ಕಾ! ಚಿನ್ನ ಕದೀತಾರೆ, ಕೋಳಿ ಕದೀತಾರೆ, ಗಂಡನ ಹೆಸರು ಯಾರಾದ್ರೂ ಕದೀತಾರಾ?"

"ನಿನ್ ಬಾಗಿಲಲ್ಲಿ ಬಿದ್ದಿತ್ತು ಕಣೇ. ನೀನು ಒಂದು ಬೊಟ್ಟು ಕುಂಕುಮ ಇಟ್ಟಿದ್ರೆ ನನಗೆ ಕಾಣ್ತಾನೇ ಇರ್ಲಿಲ್ಲ."

"ಆಯ್ತು, ನೀನೇ ಕೋನಪ್ಪ ಅಲ್ವಾ? ಬಾ, ಕೊಟ್ಟಿಗೆ ಸಗಣಿ ಬಾಚು. ಅವರ ಕೆಲಸ ಅದು."

"ಬಾಚ್ತೀನಿ. ಮೊದಲು ಯಜಮಾನ್ರಿಗೆ ಬಿಸಿ ಮುದ್ದೆ ಇಡು. ಉಪ್ಪುಸಾರು ಗಟ್ಟಿಯಾಗಿರ್ಲಿ. ನಿನ್ ಗಂಡ ನಾನು, ನನ್ನೇ ಏಕವಚನದಲ್ಲಿ ಕರೀತಿದೀಯಲ್ಲ!"

ಗಂಗುಲಮ್ಮ ಬೈಯಲು ತೆರೆದ ಬಾಯಲ್ಲಿ ನಗು ನುಗ್ಗಿ ಕೆಮ್ಮು ಹತ್ತಿತು. ಅಷ್ಟರಲ್ಲಿ ನಿಜವಾದ ಕೋನಪ್ಪ ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬಂದ. ಅವನು ವರ್ಷಕ್ಕೆ ಎರಡು ಮಾತಾಡುವ ಮನುಷ್ಯ. ನಡೆದದ್ದನ್ನೆಲ್ಲ ಕೇಳಿ, ಹೊರೆ ಇಳಿಸಿ, ಜಗಲಿ ಮೇಲೆ ಕೂತು ಈ ವರ್ಷದ ಎರಡನ್ನೂ ಒಟ್ಟಿಗೇ ಆಡಿದ.

"ಅಕ್ಕಾ, ಸ್ವಲ್ಪ ದಿನ ಕೋನಪ್ಪ ನೀನೇ ಇರು. ನಾನು ಆರಾಮಾಗಿರ್ತೀನಿ."

ಆದ್ದರಿಂದ ಇಬ್ಬರೂ ಕೋನಪ್ಪಂದಿರೇ ಆದ ಕಾರಣ, ಹುಳುವನ್ನು ಅರ್ಧ ಅರ್ಧ ಹಂಚಿಕೊಂಡೆವು. ಗೂಡು ಚೆನ್ನಾಗಿ ಬಂತು. ಆದರೆ ಎರಡೂ ತೋಟದಲ್ಲಿ ಅರ್ಧ ಸೊಪ್ಪು ಹಾಗೇ ಉಳಿದಿದೆ, ಎರಡೂ ಹುಳುಮನೆಯಲ್ಲಿ ಅರ್ಧ ಜಾಗ ಖಾಲಿ ಬಿದ್ದಿತ್ತು.

8. ಈಗ ತೊಂದರೆ ಇರುವುದು ಇಲ್ಲಿ. ತಮ್ಮ ಲೆಕ್ಕದಲ್ಲಿ ಅಮ್ಮಾಜಮ್ಮ ಯುಗಾದಿಯ ಚಾಕಿ ತೆಗೆದುಕೊಂಡಿಲ್ಲ. ನಾಡಿದ್ದು ಶುಕ್ರವಾರದ್ದೂ ತಪ್ಪಿದರೆ ಎರಡು ಸಲ ಆಗುತ್ತದೆ, ಹೆಸರು ಅಳಿಸಿಹೋಗುತ್ತದೆ. ಕೋನಪ್ಪ ಎಂದು ಹೇಳಿಕೊಂಡು ಬದುಕಲು ನನಗೆ ಅಡ್ಡಿಯಿಲ್ಲ, ಮುದ್ದೆ ಸಿಗುತ್ತದೆ. ಆದರೆ ಒಬ್ಬ ಕೋನಪ್ಪನ ಹುಳು ಇಬ್ಬರು ಕೋನಪ್ಪಂದಿರಿಗೆ ಸಾಲುವುದಿಲ್ಲ. ಅಲ್ಲದೆ ನನ್ನ ಹೆಸರು ಒಂಟಿಯಾಗಿ ಇರುವುದು ತಮ್ಮೊಳಗೆ ಒಂದು ಕಡೆ ಮಾತ್ರ. ಅಲ್ಲಿಂದಲೂ ಹೋದರೆ ನಾನು ಮತ್ತೆ ಹೋದವರ ಹೆಂಡತಿಯಾಗಿಯೇ ಉಳಿಯಬೇಕು. ಯಜಮಾನರ ಮೇಲೆ ನನಗೆ ಕೋಪವಿಲ್ಲ. ಅವರು ಒಳ್ಳೆಯವರು, ಹುಳು ಹಣ್ಣಾದಾಗ ಅವರೂ ನಿದ್ದೆ ಬಿಟ್ಟು ನನ್ನ ಜೊತೆ ಚಂದ್ರಿಕೆಗೆ ಬಿಡುತ್ತಿದ್ದರು. ಆದರೂ ಒಂದೊಂದು ಸಲ ಮನುಷ್ಯರಿಗೆ ಒಬ್ಬರೇ ಹೊರಗೆ ಹೋಗಿ ಬರಬೇಕು ಅನ್ನಿಸುತ್ತದೆ. ಹೆಸರಿಗೂ ಹಾಗೇ ಅನ್ನಿಸಬಹುದು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳ ಕಾರಣ, ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ:

ಅ) ಸಂಕ್ರಾಂತಿಯಲ್ಲಿ ತಾವು ಹೊಡೆದ ಫೋಟೋ ತಮ್ಮ ಹೊಟ್ಟೆಯೊಳಗೆ ಇನ್ನೂ ಇದೆ ಎಂದು ರವಿಚಂದ್ರ ಒಪ್ಪಿಕೊಂಡಿದ್ದಾನೆ. ಅದರಲ್ಲಿ ನನ್ನ ಪಕ್ಕ ನನ್ನ ಚೌಕ, ಕುಂಕುಮ ಕಾಣದ ಕಾಲದ್ದು, ಅಚ್ಚುಕಟ್ಟಾಗಿ ನಿಂತಿದೆ. ಶುಕ್ರವಾರ ಬೆಳಿಗ್ಗೆ ಅದನ್ನು ನನಗೆ ತೆರೆದು ತೋರಿಸತಕ್ಕದ್ದು. ಅಂಗಳ ಸಾರಿಸಿ ಇಟ್ಟಿರುತ್ತೇನೆ. ರವಿಚಂದ್ರ ಒಂದು ಲೋಟ ಟೀ ಕುಡಿದು ಮುಗಿಸುವುದರೊಳಗೆ ನನ್ನ ಹೆಸರನ್ನು ನಾನೇ ಬಿಡಿಸುತ್ತೇನೆ. ಟೀ ಬಿಸಿಯಾಗಿ ಕೊಡುತ್ತೇನೆ.

ಆ) ಬಿಡಿಸಿದ ಮೇಲೆ ತಾವು ಜೋರಾಗಿ "ಕುಂಯ್" ಅನ್ನತಕ್ಕದ್ದು. ಇನ್ನೂ ಅಂಗಳ ಅಲಂಕಾರ ಮಾಡುತ್ತಾಳೆ ಎಂದು ಹಿಂದೆ ಅಂದವರ ಮನೆ ಎದುರು ಬೀದಿಯಲ್ಲೇ ಇದೆ, ಅಲ್ಲಿಯವರೆಗೆ ಕೇಳಬೇಕು.

ಇ) ಮುಂದೆ ಬಾಗಿಲಿಗೆ ಹೊಸ ಚೌಕ ಅಂಟಿಸಿದರೆ ಅದರ ಮೈಮೇಲೆ ಕುಂಕುಮ ಇಡುವುದಿಲ್ಲವೆಂದು ಈ ಮೂಲಕ ಮುಚ್ಚಳಿಕೆ ಬರೆದುಕೊಡುತ್ತೇನೆ.

ತಮ್ಮ ವಿಶ್ವಾಸಿ (ಕೋನಪ್ಪ ಅಲ್ಲ),
ಅಮ್ಮಾಜಮ್ಮ

ಲಗತ್ತುಗಳು:
1) ಸೀಗೆಪುಡಿಯಲ್ಲಿ ತೊಳೆದ ಹಳೇ ಚೌಕ, ಒಂದು. ಮೂಸಿ ನೋಡಬಹುದು.
2) ರಂಗೋಲಿ ಪುಡಿ, ಒಂದು ಹಿಡಿ, ಮಾದರಿಗಾಗಿ.
3) ಕೋನಪ್ಪ, ಖುದ್ದು. ಪರಿಶೀಲಿಸಿದ ನಂತರ ಊಟದ ಹೊತ್ತಿಗೆ ಗಂಗುಲಮ್ಮನಿಗೆ ವಾಪಸು ಕಳಿಸುವುದು.

ಮರೆತ ಮಾತು: ಮುಚ್ಚಳಿಕೆ ಬರೆದದ್ದು ಮೈಮೇಲೆ ಎಂದು ಮಾತ್ರ. ಆ ನಾಲ್ಕನೇ ಮೂಲೆ ಬೋಳಾಗಿರುವುದು ನನ್ನ ಕಣ್ಣಿಗೆ ಇನ್ನೂ ಚುಚ್ಚುತ್ತಿದೆ. ಅಂಚಿನಿಂದ ಹೊರಗೆ, ತಮ್ಮ ಕಣ್ಣಿಗೆ ಅಡ್ಡ ಬಾರದ ಹಾಗೆ, ಆ ಮೂಲೆಗೆ ಒಂದೇ ಒಂದು ಬೊಟ್ಟು ಇಡಲು ಅಪ್ಪಣೆ ಬೇಕು. ಸಾಸಿವೆ ಕಾಳಿನಷ್ಟು. ಕೊಡಲು ಇಷ್ಟವಿಲ್ಲದಿದ್ದರೆ ಬಾಯಿಬಿಟ್ಟು ಹೇಳುವುದು. ಸುಮ್ಮನಿದ್ದರೆ ಒಪ್ಪಿಗೆ ಎಂದು ತಿಳಿದು ಇಟ್ಟುಬಿಡುತ್ತೇನೆ.